ಪದ ಶರೀಫರದು, ಮಟ್ಟು ಯಾರದು?

ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳ ಮೇಲೆ ಇಂದು ಯಾರಿಗೂ ಹಕ್ಕುಸ್ವಾಮ್ಯವಿಲ್ಲ. ಹೀಗಿದ್ದೂ ಶಿಗ್ಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಒಬ್ಬ ಹುಡುಗ ಹಾರ್ಮೋನಿಯಂ ನುಡಿಸುತ್ತ ಶರೀಫರ ಪದವೊಂದನ್ನು ಹಾಡಿ ಯೂಟ್ಯೂಬಿಗೆ ಏರಿಸಿದರೆ ಮರುದಿನವೇ ಹಕ್ಕುಸ್ವಾಮ್ಯದ ತಕರಾರು ಬರಬಹುದು. ಶರೀಫಜ್ಜನ ಪದಕ್ಕೆ ಯಾವುದೋ ಕಂಪನಿ ಯಾವಾಗ ಒಡೆಯನಾಯಿತು ಎಂದು ಅವನು ಸಿಟ್ಟಾಗುತ್ತಾನೆ. ಆ ಸಿಟ್ಟು ಎಷ್ಟೋ ಸಲ ನ್ಯಾಯವಾದದ್ದು, ಆದರೆ ಎಲ್ಲ ಸಲವೂ ಅಲ್ಲ. ಅವನು ಹಾಡಿದ ಮಾತುಗಳು ಶರೀಫರವು. ಹಾಡಿದ ಮಟ್ಟು ಬಹುಶಃ ಬೇರೊಬ್ಬರದು.

ಶರೀಫರ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದ ಜನಪ್ರಿಯ ಧಾಟಿಗಳಲ್ಲಿ ಬಹಳಷ್ಟನ್ನು ಕಟ್ಟಿದವರು ಸಿ. ಅಶ್ವಥ್. ಅವರ ಸಂಗೀತವಿದ್ದ, ಟಿ.ಎಸ್. ನಾಗಾಭರಣ ನಿರ್ದೇಶನದ 'ಸಂತ ಶಿಶುನಾಳ ಶರೀಫ' ತೆರೆಗೆ ಬಂದದ್ದು 1990ರಲ್ಲಿ. ಅಶ್ವಥ್ ತೀರಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ. ನಮ್ಮ ಕಾನೂನಿನ ಪ್ರಕಾರ ಸಂಗೀತ ಕೃತಿಯ ಹಕ್ಕು ಅದನ್ನು ರಚಿಸಿದವರ ಜೀವಮಾನವಿಡೀ ಇದ್ದು, ಅವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ. ಹಾಗಾಗಿ ಅಶ್ವಥ್ ಸ್ವಂತವಾಗಿ ರಚಿಸಿದ ಧಾಟಿಗಳು 2069ರ ಕೊನೆಯವರೆಗೆ ಹಕ್ಕಿನೊಳಗೇ ಇರುತ್ತವೆ. ಎಂದೋ ಎಲ್ಲರದಾಗಿಹೋದ ಮಾತುಗಳು ಇನ್ನೂ ಹಲವು ದಶಕ ಕಾನೂನಿನ ಕಾವಲಿನಲ್ಲಿರುವ ಮಟ್ಟಿನೊಳಗೆ ಕೂತಿವೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಹಾಡುಗಾರರ ತೊಡಕು ಮುಖ್ಯವಾಗಿ ಇದೇ. ಕವರ್ ಹಾಡು, ಅಂದರೆ ಒಬ್ಬರ ಹಾಡನ್ನು ಇನ್ನೊಬ್ಬರು ಮತ್ತೆ ಹಾಡಿ ಮುದ್ರಿಸಿದ್ದು, ಎಂದೊಡನೆ ಎಲ್ಲರಿಗೂ ನೆನಪಾಗುವುದು ಸಿನಿಮಾ ಹಾಡು. ಈ ಭಾಗದಲ್ಲಿ ಮತ್ತೆ ಮತ್ತೆ ಹಾಡಿ ಮುದ್ರಿಸುವುದು ವಚನ, ದಾಸರ ಪದ, ತತ್ವಪದ, ಭಾವಗೀತೆ, ಜಾನಪದ ಎಲ್ಲವನ್ನೂ. ಒಂದೊಂದರ ಲೆಕ್ಕವೂ ಬೇರೆ.

ನಾವು ಹಾಡು ಎಂದು ಒಂದೇ ಹೆಸರಿನಿಂದ ಕರೆಯುವುದನ್ನು 1957ರ ಹಕ್ಕುಸ್ವಾಮ್ಯ ಕಾಯ್ದೆ ಒಂದಾಗಿ ನೋಡುವುದಿಲ್ಲ. ಮಾತುಗಳು ಸಾಹಿತ್ಯ ಕೃತಿ, ಅದರ ಕರ್ತೃ ಕವಿ. ಮಟ್ಟು ಸಂಗೀತ ಕೃತಿ, ಅದರ ಕರ್ತೃ ಸಂಯೋಜಕ. ಸಂಗೀತ ಕೃತಿಯ ವ್ಯಾಖ್ಯೆಯಲ್ಲಿ ಹಾಡಿನ ಮಾತುಗಳು ಸೇರುವುದಿಲ್ಲ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಇವೆರಡನ್ನೂ ಕೂಡಿಸಿ ಸ್ಟುಡಿಯೋದಲ್ಲಿ ಮಾಡಿದ ಧ್ವನಿಮುದ್ರಣ ಮೂರನೆಯ ಕೃತಿ, ಅದರ ಕರ್ತೃ ನಿರ್ಮಾಪಕ. ಹಾಡಿದವರಿಗೆ, ನುಡಿಸಿದವರಿಗೆ ಇರುವುದು ಪ್ರದರ್ಶಕರ ಹಕ್ಕು ಎಂಬ ಇನ್ನೊಂದು ಬಗೆ. ಅವಧಿಯೂ ಒಂದೇ ಅಲ್ಲ. ಸಾಹಿತ್ಯಕ್ಕೆ ಮತ್ತು ಸಂಗೀತಕ್ಕೆ ಕರ್ತೃವಿನ ಮರಣಾನಂತರ 60 ವರ್ಷ, ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ವರ್ಷದ ಬಳಿಕ 60 ವರ್ಷ, ಪ್ರದರ್ಶಕರಿಗೆ ಪ್ರದರ್ಶನ ನಡೆದ ವರ್ಷದ ಬಳಿಕ 50 ವರ್ಷ. ಸಾಹಿತ್ಯ, ಸಂಗೀತಗಳಿಗೆ ಮೊದಲು ಇದ್ದದ್ದು 50 ವರ್ಷವೇ. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತು ಬಂದಾಗ ಅದು 60ಕ್ಕೆ ಏರಿತು.

ಈ ಲೆಕ್ಕವನ್ನು ನಮ್ಮ ಭಾಗದ ಕವಿಗಳಿಗೆ ಹಚ್ಚಿ ನೋಡಬೇಕು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಗದುಗಿನ ಹುಯಿಲಗೋಳ ನಾರಾಯಣರಾಯರದು. ಪ್ರತಿ ನವೆಂಬರ್‌ನಲ್ಲಿ ಶಾಲೆಶಾಲೆಗಳಲ್ಲಿ ಕೇಳುವ ಈ ಹಾಡು ಯಾರ ಸ್ವತ್ತೂ ಅಲ್ಲವೆಂದೇ ಎಲ್ಲರ ನಂಬಿಕೆ. ನಾರಾಯಣರಾಯರು ತೀರಿಕೊಂಡದ್ದು 1971ರಲ್ಲಿ, ಆದ್ದರಿಂದ ಅದರ ಸಾಹಿತ್ಯ ಮುಕ್ತವಾಗುವುದು 2032ರ ಜನವರಿ 1ಕ್ಕೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಭಾವಗೀತೆಗಳು 2042ರವರೆಗೆ ಕಾಯಬೇಕು. ಸವಣೂರಿನ ವಿ.ಕೃ. ಗೋಕಾಕರದು 2053, ಗದಗ ಜಿಲ್ಲೆಯ ಹೊಂಬಳದಲ್ಲಿ ಹುಟ್ಟಿ ಧಾರವಾಡದವರೇ ಆಗಿಹೋದ ಚೆನ್ನವೀರ ಕಣವಿಯವರದು 2083. ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರ ವಿಷಯ ಸಂತೋಷದ್ದು. ಅವರು 1964ರಲ್ಲಿ ತೀರಿಕೊಂಡರು, ಅವರ ಸ್ವಂತ ಬರಹಗಳು 2025ರ ಜನವರಿಯಿಂದ ಎಲ್ಲರವೂ ಆಗಿವೆ. ಹನ್ನೆರಡನೆಯ ಶತಮಾನದ ವಚನಗಳಿಗಂತೂ ಯಾವ ಅಡ್ಡಿಯೂ ಇಲ್ಲ. ಹಾವೇರಿ ಜಿಲ್ಲೆಯ ಬಾಡದ ಕನಕದಾಸರ ಕೀರ್ತನೆಗಳಿಗೂ ಇಲ್ಲ.

ಆದರೆ ಮಾತು ಮುಕ್ತವಾದ ಮಾತ್ರಕ್ಕೆ ಮಟ್ಟು ಮುಕ್ತವಾಗುವುದಿಲ್ಲ. ಬೇಂದ್ರೆಯವರ ಒಂದು ಕವಿತೆಗೆ ಒಬ್ಬರು ರಾಗ ಸಂಯೋಜನೆ ಮಾಡಿದ್ದರೆ ಅದನ್ನು ಅದೇ ಧಾಟಿಯಲ್ಲಿ ಹಾಡಿ ಮುದ್ರಿಸಲು ಎರಡು ಒಪ್ಪಿಗೆ ಬೇಕು. ಕವಿತೆಯ ಹಕ್ಕುದಾರರದು ಒಂದು, ಧಾಟಿಯ ಹಕ್ಕುದಾರರದು ಇನ್ನೊಂದು. ಸುಗಮ ಸಂಗೀತದ ಧಾಟಿಗಳಲ್ಲಿ ಅನೇಕವು ಕ್ಯಾಸೆಟ್ ಕಾಲದವು. ಪಿ. ಕಾಳಿಂಗರಾಯರು ತೀರಿಕೊಂಡದ್ದು 1981ರಲ್ಲಿ, ಮೈಸೂರು ಅನಂತಸ್ವಾಮಿಯವರು 1995ರಲ್ಲಿ. ಅವರು ಕಟ್ಟಿದ ಧಾಟಿಗಳ ಹಕ್ಕಿನ ಅವಧಿ ಯಾವುದೂ ಇನ್ನೂ ಮುಗಿದಿಲ್ಲ. ಹಳೆಯ ತಟ್ಟೆಗಳಲ್ಲೂ ಒಂದೊಂದು ಹಕ್ಕಿನ ಲೆಕ್ಕ ಬೇರೆ. 1964ರಲ್ಲಿ ಅಥವಾ ಅದಕ್ಕೂ ಮುಂಚೆ ಪ್ರಕಟವಾದ ಗ್ರಾಮೋಫೋನ್ ತಟ್ಟೆಯ ಧ್ವನಿಮುದ್ರಣದ ಹಕ್ಕು ಭಾರತದಲ್ಲಿ ಮುಗಿದಿದೆ. ಅದರೊಳಗಿನ ಸಾಹಿತ್ಯ, ಸಂಗೀತಗಳ ಹಕ್ಕು ಮುಗಿದಿರಲೇಬೇಕೆಂದಿಲ್ಲ.

ಇಲ್ಲಿ 'ಜಾನಪದ' ಎಂಬ ಹಣೆಪಟ್ಟಿಯ ಬಗ್ಗೆ ಹೇಳಲೇಬೇಕು. ಉತ್ತರ ಕರ್ನಾಟಕದ ಜಾನಪದ ಹಾಡುಗಳ ಹೆಸರಿನಲ್ಲಿ ಇಂದು ಯೂಟ್ಯೂಬಿನಲ್ಲಿ ದೊಡ್ಡ ಸಂತೆಯೇ ನೆರೆದಿದೆ. ಸಣ್ಣ ಸಣ್ಣ ಸ್ಟುಡಿಯೋಗಳಲ್ಲಿ ಹೊಸ ಹೊಸ ಹಾಡುಗಳು ಹುಟ್ಟುತ್ತಿವೆ, ಜಾತ್ರೆಯ ಡಿಜೆಗಳಲ್ಲಿ, ಟ್ರ್ಯಾಕ್ಟರ್‌ಗಳಲ್ಲಿ ಮೊಳಗುತ್ತಿವೆ. ಅವುಗಳಲ್ಲಿ ಬಹುಪಾಲು ನಿನ್ನೆ ಮೊನ್ನೆ ಬರೆದವು. ಬರೆದವರು, ಹಾಡಿದವರು ನಮ್ಮ ನಡುವೆಯೇ ಇದ್ದಾರೆ. ಜಾನಪದ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಬೀಸುವ ಕಲ್ಲಿನ ಪದದಂತೆ ಕರ್ತೃವಿಲ್ಲದ್ದಾಗುವುದಿಲ್ಲ. ಯಾರೋ ಕೂಲಿ ಮಾಡುತ್ತ, ರಾತ್ರಿ ಕೂತು ಬರೆದ ಹಾಡನ್ನು ಇನ್ನೊಬ್ಬರು 'ಜಾನಪದವಲ್ಲವೇ, ಯಾರು ಬೇಕಾದರೂ ಹಾಡಬಹುದು' ಎಂದು ಎತ್ತಿ ಹಾಕಿಕೊಂಡು ಅದರಿಂದ ಗಳಿಸಿದರೆ ನಷ್ಟವಾಗುವುದು ದೊಡ್ಡ ಕಂಪನಿಗಲ್ಲ, ಆ ಬರೆದವನಿಗೆ. ಹಕ್ಕುಸ್ವಾಮ್ಯವನ್ನು ಬರೀ ದೊಡ್ಡವರ ಆಯುಧ ಎಂದು ನೋಡುವವರು ಇದನ್ನು ಮರೆಯುತ್ತಾರೆ. ಇನ್ನು ಇವುಗಳಲ್ಲೇ ಕೆಲವು ಸಿನಿಮಾ ಹಾಡಿನ ಧಾಟಿಗೆ ಹೊಸ ಮಾತು ಕೂಡಿಸಿದವು. ಭಜನಾ ಮಂಡಳಿಗಳಲ್ಲೂ, ಹಳ್ಳಿಯ ನಾಟಕಗಳಲ್ಲೂ ಈ ರೂಢಿ ಬಹಳ ಹಳೆಯದು. ಓಣಿಯ ಗುಡಿಯಲ್ಲಿ ಕೂತು ಹಾಡುವಷ್ಟು ಕಾಲ ಯಾರೂ ಕೇಳುವುದಿಲ್ಲ. ಮುದ್ರಿಸಿ ಹಂಚಿದಾಗ ಅದು ಸಂಯೋಜಕನ ಕೃತಿಯನ್ನು ಮಾರ್ಪಡಿಸಿ ಬಳಸಿದಂತೆ.

ಹಾಗಾದರೆ ಹಕ್ಕಿನೊಳಗಿರುವ ಹಾಡನ್ನು ಮತ್ತೆ ಹಾಡಿ ಮುದ್ರಿಸಲು ಕಾನೂನಿನಲ್ಲಿ ದಾರಿಯೇ ಇಲ್ಲವೇ? ಇದೆ. ಕಾಯ್ದೆಯ 31ಸಿ ಕಲಂ ಇರುವುದೇ ಕವರ್ ಹಾಡುಗಳಿಗಾಗಿ. 2012ರ ತಿದ್ದುಪಡಿಯಲ್ಲಿ ಬಂದ ಈ ಕಲಮಿನ ಪ್ರಕಾರ ಹಕ್ಕುದಾರರು ಒಲ್ಲೆ ಎಂದರೂ ಕವರ್ ಧ್ವನಿಮುದ್ರಣ ಮಾಡಬಹುದು, ಷರತ್ತುಗಳನ್ನು ಪಾಲಿಸಿದರೆ. ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದ ಮೇಲೆ ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು. 2023ರಲ್ಲಿ ಮುದ್ರಣವಾದ ಹಾಡಿಗೆ 2029ರ ಜನವರಿ ಬರಬೇಕು. ಮುಂಚಿತವಾಗಿ ನೋಟಿಸು ಕೊಡಬೇಕು, ಮಾರುವ ಪ್ರತಿಯ ಹೊದಿಕೆಯ ಮಾದರಿ ಕಳಿಸಬೇಕು, ನಿಗದಿಯಾದ ರಾಯಲ್ಟಿಯನ್ನು ಮುಂಗಡ ಕಟ್ಟಬೇಕು, ಲೆಕ್ಕಪತ್ರ ಇಡಬೇಕು. ಸಾಹಿತ್ಯದಲ್ಲಾಗಲಿ ಸಂಗೀತದಲ್ಲಾಗಲಿ ಹಕ್ಕುದಾರರು ಹಿಂದೆ ಒಪ್ಪದ ಬದಲಾವಣೆ ಮಾಡಬಾರದು, ಮುದ್ರಣಕ್ಕೆ ತಾಂತ್ರಿಕವಾಗಿ ಅಗತ್ಯವಿದ್ದಷ್ಟನ್ನು ಬಿಟ್ಟು. ಇದು ಕವರ್ ಎಂದು ಹೊದಿಕೆಯ ಮೇಲೆ ಬರೆಯಬೇಕು. ಮೊದಲು ಹಾಡಿದವರ ಹೆಸರನ್ನಾಗಲಿ ಚಿತ್ರವನ್ನಾಗಲಿ, ಆ ಹಾಡಿದ್ದ ಸಿನಿಮಾದ ಹೆಸರನ್ನಾಗಲಿ ಅಲ್ಲಿ ಬಳಸಬಾರದು. ಮೂಲ ಗಾಯಕರ ಹೆಸರನ್ನು ಶೀರ್ಷಿಕೆಯಲ್ಲಿ ಹಾಕುವುದು ಗೌರವ ಎಂದು ನಮ್ಮ ಹುಡುಗರು ತಿಳಿದಿದ್ದಾರೆ. ಈ ಕಲಮಿನ ಕಣ್ಣಿಗೆ ಅದು ಕೇಳುಗರ ದಾರಿ ತಪ್ಪಿಸುವುದು.

ಇಷ್ಟೆಲ್ಲ ಷರತ್ತು ಏಕೆ ಬಂದವೆಂದರೆ, ಇದಕ್ಕೂ ಮುಂಚಿನ ಕಾನೂನಿನಲ್ಲಿ ಇದಕ್ಕಿಂತ ಸಡಿಲವಾದ ಷರತ್ತುಗಳಲ್ಲಿ ಕವರ್ ಮಾಡಲು ಅವಕಾಶವಿತ್ತು. 1980ರ ದಶಕದಲ್ಲಿ ಅಗ್ಗದ ಕ್ಯಾಸೆಟ್ಟುಗಳ ಮಹಾಪೂರ ಹರಿದದ್ದು ಆ ಅವಕಾಶದ ಬೆನ್ನೇರಿಯೇ. ಜನಪ್ರಿಯ ಹಿಂದಿ ಹಾಡುಗಳನ್ನು ಬೇರೆ ಗಾಯಕರಿಂದ ಹಾಡಿಸಿ, ಮೂಲದ್ದೇ ಎಂಬ ಭ್ರಮೆ ಹುಟ್ಟಿಸುವ ಹೊದಿಕೆಯಲ್ಲಿ ಮಾರಿದರು. 2012ರ ಶಾಸಕರ ಮನಸ್ಸಿನಲ್ಲಿದ್ದದ್ದು ಆ ಕ್ಯಾಸೆಟ್ ಅಂಗಡಿ. ಹಾಗೆಂದೇ 31ಸಿ ಕಲಂ ಇಂದಿನ ಹಾಡುಗಾರರ ಕೈಗೆ ಎಟುಕುವುದಿಲ್ಲ. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕೆಂದು ಅದು ಹೇಳುತ್ತದೆ. ಪ್ರಸಾರದ ಸಾಧ್ಯತೆ ನೋಡಿ ಈ ಸಂಖ್ಯೆಯನ್ನು ಇಳಿಸುವ ಅಧಿಕಾರ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿಗೆ ಇತ್ತು. ಆ ಮಂಡಳಿಯೇ 2021ರಲ್ಲಿ ರದ್ದಾಗಿ ಅದರ ಕೆಲಸ ನ್ಯಾಯಾಲಯಗಳಿಗೆ ಹೋಯಿತು. ಕೆಲವು ನೂರು ಜನ ನೋಡುವ ವಿಡಿಯೋಗಾಗಿ ಹಾವೇರಿಯ ಒಬ್ಬ ಶಿಕ್ಷಕಿ ನ್ಯಾಯಾಲಯದ ಮೆಟ್ಟಿಲು ಹತ್ತಿ ಪ್ರತಿಗಳ ಸಂಖ್ಯೆ ಕಡಿಮೆ ಮಾಡಿಸಿಕೊಂಡು ಬರಬೇಕೆಂದು ಯಾವ ವಿವೇಕವೂ ಹೇಳಲಾರದು.

ಇದಕ್ಕಿಂತ ದೊಡ್ಡ ತೊಡಕು ವಿಡಿಯೋದ್ದು. 31ಸಿ ಮಾತಾಡುವುದು ಧ್ವನಿಮುದ್ರಣದ ಬಗ್ಗೆ ಮಾತ್ರ. ದೃಶ್ಯ ಸೇರಿದ ಕೂಡಲೇ ಅದು ಕಾಯ್ದೆಯ ಭಾಷೆಯಲ್ಲಿ ಸಿನಿಮಾಟೋಗ್ರಾಫ್ ಫಿಲಂ. ಉಣಕಲ್ ಕೆರೆಯ ದಂಡೆಯಲ್ಲಿ ಮೊಬೈಲಿನಿಂದ ತೆಗೆದದ್ದಾದರೂ ಅಷ್ಟೇ. ಅದಕ್ಕೆ ಶಾಸನಬದ್ಧ ಪರವಾನಗಿ ಇಲ್ಲ, ಹಕ್ಕುದಾರರ ನೇರ ಒಪ್ಪಿಗೆಯೇ ಬೇಕು. ಬರೀ ಧ್ವನಿಯನ್ನು ಅಂತರ್ಜಾಲದಲ್ಲಿ ಹಾಕಿದರೂ, ಹಿಂದಿನ ಮುದ್ರಣ ಯಾವ ಮಾಧ್ಯಮದಲ್ಲಿತ್ತೋ ಅದೇ ಮಾಧ್ಯಮದಲ್ಲಿ ಕವರ್ ಇರಬೇಕೆಂಬ ಷರತ್ತು ಅಡ್ಡ ನಿಲ್ಲುತ್ತದೆ. ಆ ಮಾಧ್ಯಮ ಬಳಕೆಯಿಂದಲೇ ಹೋಗಿದ್ದರೆ ಮಾತ್ರ ವಿನಾಯಿತಿ. ಇಂಥ ಪರವಾನಗಿಗಳನ್ನು ನ್ಯಾಯಾಲಯಗಳು ಧಾರಾಳವಾಗಿ ಹಿಗ್ಗಿಸಿಲ್ಲ. ಪಕ್ಕದ 31ಡಿ ಕಲಂ ರೇಡಿಯೋ, ಟಿವಿಗಳಿಗೆ ಕೊಟ್ಟ ಶಾಸನಬದ್ಧ ಪರವಾನಗಿ ಅಂತರ್ಜಾಲದ ಹಾಡು ಸೇವೆಗಳಿಗೆ ಅನ್ವಯಿಸುವುದಿಲ್ಲವೆಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿತು, 2022ರಲ್ಲಿ ವಿಭಾಗೀಯ ಪೀಠವೂ ಅದನ್ನು ಎತ್ತಿಹಿಡಿಯಿತು. ಕವರ್ ಹಾಡಿಗೆಂದೇ ಇರುವ ಕಲಂ ಕವರ್ ಹಾಡುಗಳು ನಿಜಕ್ಕೂ ಬದುಕಿರುವ ಜಾಗಕ್ಕೆ ಮುಟ್ಟುವುದೇ ಇಲ್ಲ. ಸಂಸತ್ತು ಇದನ್ನು ತಿದ್ದಬೇಕು: ಸಣ್ಣ ಪ್ರಮಾಣದ, ಮನೆಯಲ್ಲೇ ತಯಾರಾದ ವಿಡಿಯೋಗಳಿಗೆ ಒಂದೇ ಕಡೆ, ಕೈಗೆಟುಕುವ ಶುಲ್ಕ ಕಟ್ಟಿ ಪರವಾನಗಿ ಪಡೆಯುವ ಏರ್ಪಾಡು ಇರಬೇಕು, ಆ ಹಣ ಕವಿಗೂ ಸಂಯೋಜಕನಿಗೂ ತಲುಪಬೇಕು. ಕವಿ ಮತ್ತು ಸಂಯೋಜಕರು ರಾಯಲ್ಟಿಯ ಸಮಪಾಲಿನ ಹಕ್ಕನ್ನು ಬಿಟ್ಟುಕೊಡುವಂತಿಲ್ಲ ಎಂದು 2012ರ ತಿದ್ದುಪಡಿ ಗಟ್ಟಿಯಾಗಿ ಹೇಳಿದೆ. ಅವರ ಪರವಾಗಿ ಹಣ ವಸೂಲು ಮಾಡುವ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) 1969ರಿಂದ ಇದೆ, 2017ರಲ್ಲಿ ಹೊಸ ಕಾನೂನಿನಡಿ ಮರುನೋಂದಣಿಯೂ ಆಗಿದೆ. ಇಂಥ ಏರ್ಪಾಡಿಗೆ ನೆಲ ಹದವಾಗಿಯೇ ಇದೆ.

ಕಾನೂನು ಕೈಬಿಟ್ಟ ಜಾಗದಲ್ಲಿ ಕೂತಿರುವುದು ಯೂಟ್ಯೂಬಿನ ಯಂತ್ರ. 2007ರಿಂದ ನಡೆದಿರುವ ಕಂಟೆಂಟ್ ಐಡಿ ವ್ಯವಸ್ಥೆ ಏರಿಸಿದ ಪ್ರತಿ ವಿಡಿಯೋವನ್ನೂ ಹಕ್ಕುದಾರರು ಕೊಟ್ಟ ಮಾದರಿಗಳೊಂದಿಗೆ ತಾಳೆ ನೋಡುತ್ತದೆ, ಕೆಲವೊಮ್ಮೆ ಬರೀ ಧಾಟಿಯನ್ನೂ ಗುರುತಿಸುತ್ತದೆ. ತಾಳೆಯಾದರೆ ಹಕ್ಕುದಾರರು ವಿಡಿಯೋವನ್ನು ತಡೆಯಬಹುದು, ಅದರ ಜಾಹೀರಾತಿನ ಹಣ ತಾವು ತೆಗೆದುಕೊಳ್ಳಬಹುದು ಅಥವಾ ಸುಮ್ಮನೆ ಲೆಕ್ಕ ನೋಡುತ್ತಿರಬಹುದು. ಪ್ರಕಾಶಕರು ಒಪ್ಪಿದ ಹಾಡುಗಳ ಕವರ್‌ಗಳಲ್ಲಿ ಹಣ ಹಂಚಿಕೊಳ್ಳುವ ಏರ್ಪಾಡೂ ಇದೆ. ನಮ್ಮವರ ಅನೇಕ ಕವರ್‌ಗಳು ಇಂದು ಅಲ್ಲಿ ಉಳಿದಿರುವುದು ಈ ಸಹನೆಯ ಬಲದಿಂದ. ಅದು ಅವರ ಹಕ್ಕಲ್ಲ, ನಾಳೆ ಹಿಂತೆಗೆದುಕೊಳ್ಳಬಹುದಾದ ಅನುಮತಿ. ಕಂಟೆಂಟ್ ಐಡಿ ತಕರಾರಿಗೂ, ಹಕ್ಕುದಾರರು ಕಾನೂನಿನ ಪ್ರಕಾರ ವಿಡಿಯೋ ತೆಗೆಸಿದಾಗ ಬೀಳುವ ಕಾಪಿರೈಟ್ ಸ್ಟ್ರೈಕ್‌ಗೂ ಇರುವ ವ್ಯತ್ಯಾಸವನ್ನು ತಿಳಿದಿರಲೇಬೇಕು. ಮೊದಲನೆಯದರಿಂದ ಹೆಚ್ಚೆಂದರೆ ಆ ವಿಡಿಯೋಗೆ ಅಥವಾ ಅದರ ಹಣಕ್ಕೆ ಪೆಟ್ಟು. ಎರಡನೆಯದು 90 ದಿನಗಳಲ್ಲಿ ಮೂರು ಸಲ ಬಂದರೆ ಚಾನೆಲ್ಲೇ ಹೋಗುತ್ತದೆ.

ಯಂತ್ರ ತಪ್ಪುವುದೂ ಉಂಟು. ಒಂದೇ ಪಾರಂಪರಿಕ ಮಟ್ಟಿನಲ್ಲಿ ಒಂದೇ ವಚನವನ್ನು ಇಬ್ಬರು ಹಾಡಿದಾಗ, ಮೊದಲು ಮಾದರಿ ಕೊಟ್ಟ ಕಂಪನಿಗೆ ಎರಡನೆಯದೂ ತನ್ನದೇ ಎಂಬ ತಕರಾರು ಯಾಂತ್ರಿಕವಾಗಿ ಹುಟ್ಟಬಹುದು. ಇಂಥ ಕಡೆ ಸುಮ್ಮನಿರಬಾರದು. ಆಕ್ಷೇಪ ಸಲ್ಲಿಸಿದರೆ ಎದುರಿನವರು 30 ದಿನಗಳಲ್ಲಿ ಉತ್ತರಿಸಬೇಕು, ಇಲ್ಲವಾದರೆ ತಕರಾರು ತಾನೇ ಬಿದ್ದುಹೋಗುತ್ತದೆ. ಸಾಹಿತ್ಯ ಯಾರದು, ಅವರ ಕಾಲ ಯಾವುದು, ಧಾಟಿ ಪಾರಂಪರಿಕವೋ ಸ್ವಂತದ್ದೋ, ನುಡಿಸಿದವರು ಯಾರು ಎಂಬುದನ್ನು ಹಾಡಿದ ದಿನವೇ ಬರೆದಿಟ್ಟವರಿಗೆ ಈ ಆಕ್ಷೇಪ ಸಲ್ಲಿಸುವುದು ಸುಲಭ. ಬರೆದಿಡದವರು ಹೆದರಿ ವಿಡಿಯೋ ಅಳಿಸುತ್ತಾರೆ. ತಮ್ಮದೇ ಹಾಡನ್ನು ಹಾಗೆ ಅಳಿಸಬೇಕಾಗಿ ಬರುವುದು ನೋವಿನ ಸಂಗತಿ.

ರಕ್ಷಣೆಗೆಂದು ನಮ್ಮವರು ಹಾಕಿಕೊಳ್ಳುವ ಕೆಲವು ಸಾಲುಗಳಿವೆ, ಅವು ಏನನ್ನೂ ರಕ್ಷಿಸುವುದಿಲ್ಲ. ಎಷ್ಟೋ ಕನ್ನಡ ಚಾನೆಲ್‌ಗಳ ವಿವರಣೆಯಲ್ಲಿ '1976ರ ಕಾಯ್ದೆಯ 107ನೇ ಕಲಂ' ಎಂಬ ಸಾಲು ಕಾಣುತ್ತದೆ. ಅದು ಅಮೆರಿಕದ ಕಾಯ್ದೆ. ನಮ್ಮ 52ನೇ ಕಲಮಿನ ನ್ಯಾಯೋಚಿತ ಬಳಕೆ ಖಾಸಗಿ ಬಳಕೆ, ವಿಮರ್ಶೆ, ಸುದ್ದಿ ವರದಿ ಇಂಥವುಗಳಿಗೆ ಸೀಮಿತ. ಇಡೀ ಹಾಡನ್ನು ಹಾಡಿ ಲೋಕಕ್ಕೆ ಹಂಚುವುದು ಅದರಲ್ಲಿ ಬರುವುದಿಲ್ಲ. 'ಹಣ ಮಾಡುತ್ತಿಲ್ಲ' ಎಂಬುದೂ, 'ಕೃಪೆ: ಮೂಲ ಹಕ್ಕುದಾರರು' ಎಂಬುದೂ ಒಪ್ಪಿಗೆಯ ಬದಲಿಗೆ ನಿಲ್ಲಲಾರವು. ಅಂತರ್ಜಾಲದಲ್ಲಿ ಓದಿ, ಸಣ್ಣ ಶುಲ್ಕ ಕಟ್ಟಿ ಮೆಕ್ಯಾನಿಕಲ್ ಲೈಸೆನ್ಸ್ (ಹಾಡನ್ನು ಮತ್ತೆ ಧ್ವನಿಮುದ್ರಿಸಲು ಕೊಡುವ ಪರವಾನಗಿ) ಪಡೆದರೆ ಸಾಕು ಎನ್ನುವವರಿದ್ದಾರೆ. ಅದು 1909ರಿಂದ ಅಮೆರಿಕದಲ್ಲಿರುವ ಏರ್ಪಾಡು, ಅಲ್ಲಿ ಕೂಡ ವಿಡಿಯೋಗೆ ಅದು ಸಾಲದು. ಕರೋಕೆ ಟ್ರ್ಯಾಕಿನ ಮೇಲೆ ಹಾಡಿದರಂತೂ ತೊಡಕು ಇಮ್ಮಡಿ, ಏಕೆಂದರೆ ಆ ಟ್ರ್ಯಾಕೇ ಇನ್ನೊಬ್ಬರ ಧ್ವನಿಮುದ್ರಣ. ತಬಲಾ, ಹಾರ್ಮೋನಿಯಂ ನುಡಿಸುವವರನ್ನು ಕರೆದು ಕೂರಿಸಿಕೊಂಡರೆ ಕನಿಷ್ಠ ಮೂರನೆಯ ಪದರವಾದ ಧ್ವನಿಮುದ್ರಣವಾದರೂ ನಮ್ಮದಾಗುತ್ತದೆ.

ವೇದಿಕೆಯ ಮೇಲೆ ಹಾಡುವವರಿಗೆ ಕಾನೂನು ಇದಕ್ಕಿಂತ ಮೆತ್ತಗಿದೆ. ಟಿಕೆಟ್ ಇಲ್ಲದ ಸಭೆಯಲ್ಲಿ ಹವ್ಯಾಸಿ ಸಂಘದವರು ಹಾಡಿದರೆ, ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹಾಡಿದರೆ, ಧಾರ್ಮಿಕ ವಿಧಿಯಲ್ಲಿ ಅಥವಾ ಮದುವೆಯ ಮೆರವಣಿಗೆಯಲ್ಲಿ, ಅದಕ್ಕೆ ಸೇರಿದ ಸಂಭ್ರಮದಲ್ಲಿ ಹಾಡಿದರೆ ಹಕ್ಕಿನ ಉಲ್ಲಂಘನೆ ಅಲ್ಲ. ಹಣ ಪಡೆದು ನಡೆಸುವ ರಸಮಂಜರಿಗೆ ಈ ರಿಯಾಯಿತಿ ಸಿಗುವುದಿಲ್ಲ. ಮದುವೆಯಲ್ಲಿ ಹಾಡಿದ್ದರ ವಿಡಿಯೋವನ್ನು ಫೇಸ್‌ಬುಕ್ಕಿಗೆ ಏರಿಸಿದಾಗಲೂ ಆ ರಿಯಾಯಿತಿ ಅಲ್ಲಿಗೇ ನಿಂತುಹೋಗುತ್ತದೆ.

ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಇವರ ನಾಡಿನಲ್ಲಿ ಹಿಂದೂಸ್ತಾನಿ ಸಂಗೀತದ ಪ್ರಶ್ನೆಯನ್ನು ಬಿಡಲಾಗದು. ರಾಗ ಯಾರ ಸ್ವತ್ತೂ ಅಲ್ಲ. ಆ ರಾಗದಲ್ಲಿ ಒಬ್ಬರು ಕಟ್ಟಿದ ಬಂದಿಶ್ ಸಂಗೀತ ಕೃತಿ. ಗದುಗಿನ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡರು, ಅವರ ರಚನೆಗಳು ಮುಕ್ತ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಇದ್ದರು, ಅವರ ರಚನೆಗಳ ಹಕ್ಕು 2070ರ ಕೊನೆಯವರೆಗೆ ಇರುತ್ತದೆ. ಒಂದೇ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಎರಡು ಬಂದಿಶ್‌ಗಳಿಗೆ ಎರಡು ಲೆಕ್ಕ. ಕಟ್ಟಿದವರು ಯಾರೆಂದು ತೋರಿಸುವುದೇ ಇಲ್ಲಿ ದೊಡ್ಡ ಕಷ್ಟ. ಎ.ಆರ್. ರೆಹಮಾನ್ ಅವರ ಸಿನಿಮಾ ಹಾಡೊಂದು ಡಾಗರ್ ಮನೆತನದ 'ಶಿವಸ್ತುತಿ'ಯನ್ನು ಅನುಸರಿಸಿದೆ ಎಂಬ ದಾವೆಯಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಏಪ್ರಿಲ್‌ನಲ್ಲಿ ಡಾಗರ್ ಪರವಾಗಿ ಮಧ್ಯಂತರ ಆದೇಶ ನೀಡಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ರದ್ದುಮಾಡಿತು. ಒಂದು ರಚನೆಯನ್ನು ಹಾಡಿದ್ದಾರೆ ಎಂಬುದರಿಂದಲೇ ಅವರು ಅದನ್ನು ಕಟ್ಟಿದವರು ಎಂದು ತೀರ್ಮಾನಿಸಲಾಗದು ಎಂಬುದು ಅಲ್ಲಿನ ಮುಖ್ಯ ಮಾತು. ಬಾಯಿಂದ ಬಾಯಿಗೆ ಕಲಿಸುವ ನಮ್ಮ ಗುರುಮನೆಗಳು ಇದನ್ನು ಗಮನಿಸಬೇಕು. ಯಾವ ಬಂದಿಶ್ ಯಾರ ರಚನೆ ಎಂಬುದನ್ನು ದಿನಾಂಕದೊಂದಿಗೆ ದಾಖಲಿಸುವುದರಿಂದ ಗುರುವಿನ ಹೆಸರೂ ಉಳಿಯುತ್ತದೆ, ಶಿಷ್ಯರ ದಾರಿಯೂ ಸ್ಪಷ್ಟವಾಗುತ್ತದೆ.

ತಮ್ಮ ಕೃತಿಯನ್ನು ಎಲ್ಲರೂ ಬಳಸಲಿ ಎಂದು ಹಕ್ಕುದಾರರೇ ಮೊದಲೇ ಒಪ್ಪಿಗೆ ಕೊಟ್ಟಿಡುವ ಮುಕ್ತ ಪರವಾನಗಿಯ ಮಾತು ಬರುವುದು ಈಗ. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2001ರಲ್ಲಿ ಹುಟ್ಟಿತು, 2002ರಲ್ಲಿ ಅದರ ಮೊದಲ ಪರವಾನಗಿಗಳು ಬಂದವು, ಈಗ ಬಳಕೆಯಲ್ಲಿರುವ 4.0 ಆವೃತ್ತಿ 2013ರದು. ನನ್ನ ಹೆಸರು ಹೇಳಿ ಏನು ಬೇಕಾದರೂ ಮಾಡಿ ಎನ್ನುವುದು ಸಿಸಿ ಬೈ. ಇದನ್ನು ಬಳಸಿ ಮಾಡಿದ ಹೊಸದನ್ನೂ ಇದೇ ಷರತ್ತಿನಲ್ಲಿ ಹಂಚಿ ಎನ್ನುವುದು ಸಿಸಿ ಬೈ-ಎಸ್‌ಎ. ವ್ಯಾಪಾರಕ್ಕೆ ಬಳಸಬೇಡಿ, ಬದಲಿಸಬೇಡಿ ಎಂಬ ಕಟ್ಟುಗಳೂ ಇವೆ. ಯೂಟ್ಯೂಬಿನಲ್ಲೂ ವಿಡಿಯೋ ಏರಿಸುವಾಗ ಕ್ರಿಯೇಟಿವ್ ಕಾಮನ್ಸ್ ಎಂಬ ಆಯ್ಕೆ ಇದೆ. ಹಲವರು ಕವರ್ ಹಾಡಿಗೆ ಅದನ್ನು ಒತ್ತುತ್ತಾರೆ, ಒತ್ತಿದ್ದರಿಂದ ಹಾಡೇ ಮುಕ್ತವಾಯಿತೆಂದು ತಿಳಿಯುತ್ತಾರೆ. ಗೇಣಿಗೆ ಹಿಡಿದ ಹೊಲದಲ್ಲಿ ಬೆಳೆದ ಪೈರು ನಮ್ಮದಿರಬಹುದು, ಹೊಲವನ್ನು ದಾನಪತ್ರ ಬರೆದು ಕೊಡಲು ಬರುವುದಿಲ್ಲ. ಕವರ್ ಹಾಡಿದವರ ಬಳಿ ಇರುವುದು ತಮ್ಮ ಗಾಯನ, ತಮ್ಮ ಧ್ವನಿಮುದ್ರಣ ಅಷ್ಟೇ. ಬೇಂದ್ರೆಯವರ ಮಾತನ್ನೋ ಅಶ್ವಥ್ ಅವರ ಧಾಟಿಯನ್ನೋ ಮುಕ್ತಗೊಳಿಸುವ ಅಧಿಕಾರ ಅವರಿಗಿಲ್ಲ. ಆ ಚಿಹ್ನೆಯನ್ನು ನಂಬಿ ಮೂರನೆಯವರೊಬ್ಬರು ಹಾಡನ್ನು ತಮ್ಮ ಸಾಕ್ಷ್ಯಚಿತ್ರಕ್ಕೆ ಬಳಸಿದರೆ ತೊಂದರೆಗೆ ಸಿಕ್ಕುವವರು ಅವರು.

ಆದರೆ ನಮ್ಮ ಭಾಗದಷ್ಟು ಮುಕ್ತ ಸಾಹಿತ್ಯದ ಸಿರಿ ಇರುವ ಕಡೆಗಳು ಕಡಿಮೆ. ಶರೀಫರು, ಕನಕದಾಸರು, ಅಕ್ಕ, ಅಲ್ಲಮ, ಸರ್ವಜ್ಞ ಇವರೆಲ್ಲರ ಮಾತುಗಳು ಬಾಗಿಲು ತೆರೆದುಕೊಂಡು ನಿಂತಿವೆ. ಅವಕ್ಕೆ ಹೊಸ ಮಟ್ಟು ಕಟ್ಟಿ, ನಮ್ಮವರೇ ನುಡಿಸಿ ಮುದ್ರಿಸಿದರೆ ಪದರ ಪದರವೂ ನಮ್ಮದೇ. ಅದನ್ನು ಸಿಸಿ ಬೈ-ಎಸ್‌ಎ ಅಡಿಯಲ್ಲಿ ಹಂಚಿದರೆ ಶಾಲೆಯ ಮಾಸ್ತರರು ಹೆದರಿಕೆಯಿಲ್ಲದೆ ಕಲಿಸಬಹುದು, ಇನ್ನೊಬ್ಬ ಗಾಯಕಿ ಅನುಮತಿ ಕೇಳದೆ ಕವರ್ ಮಾಡಬಹುದು. ಜನಪ್ರಿಯ ಧಾಟಿಯನ್ನೇ ಮತ್ತೆ ಮತ್ತೆ ಅನುಕರಿಸುವುದಕ್ಕಿಂತ ಇದು ಸಂಗೀತಕ್ಕೂ ಒಳ್ಳೆಯದೆಂದು ನಾನು ಬಲವಾಗಿ ನಂಬುತ್ತೇನೆ. ಒಂದೇ ಪದವನ್ನು ಊರಿಗೊಂದು ಮಟ್ಟಿನಲ್ಲಿ ಹಾಡುತ್ತಿದ್ದ ಭಜನೆಯ ಪರಂಪರೆ ನಮ್ಮದು. ಕ್ಯಾಸೆಟ್ ಬಂದ ಮೇಲೆ ಆ ಬಹುಮಟ್ಟುಗಳು ಕರಗಿ ಒಂದೇ ಧಾಟಿ ಉಳಿಯಿತು.

ಪರವಾನಗಿ ಆರಿಸುವಾಗ ಕೆಲವನ್ನು ನೋಡಿಕೊಳ್ಳಬೇಕು. ಒಮ್ಮೆ ಕೊಟ್ಟದ್ದನ್ನು ಹಿಂಪಡೆಯಲಾಗದು. 'ಬದಲಾವಣೆ ಇಲ್ಲ' ಎಂಬ ಷರತ್ತು ಹಾಕಿದರೆ ಹಾಡನ್ನು ವಿಡಿಯೋಗೆ ಹೊಂದಿಸುವುದೂ ನಿಷಿದ್ಧ, ಏಕೆಂದರೆ ಸಂಗೀತವನ್ನು ದೃಶ್ಯದೊಂದಿಗೆ ಕೂಡಿಸುವುದನ್ನು ಆ ಪರವಾನಗಿಗಳು ಮಾರ್ಪಾಡೆಂದೇ ಎಣಿಸುತ್ತವೆ. ವ್ಯಾಪಾರ ನಿಷೇಧ ಅಥವಾ ಬದಲಾವಣೆ ನಿಷೇಧವಿದ್ದರೆ ವಿಕಿಮೀಡಿಯ ಕಾಮನ್ಸ್ ಅದನ್ನು ತೆಗೆದುಕೊಳ್ಳುವುದಿಲ್ಲ, ಕನ್ನಡ ವಿಕಿಪೀಡಿಯದ ಪುಟದಲ್ಲಿ ಆ ಹಾಡು ಕೇಳಿಸುವುದಿಲ್ಲ. ನುಡಿಸಿದವರೆಲ್ಲರ ಒಪ್ಪಿಗೆ ಬರವಣಿಗೆಯಲ್ಲಿರಬೇಕು. ಗಂಟೆಯ ಲೆಕ್ಕದಲ್ಲಿ ಹಣ ಪಡೆದ ಸ್ಟುಡಿಯೋದವರು ಹಾಡಿನ ಒಡೆಯರಾಗುವುದಿಲ್ಲ. ಮುದ್ರಣದ ಮುಂದಾಳತ್ವ ಮತ್ತು ಹೊಣೆ ಹೊತ್ತವರೇ ನಿರ್ಮಾಪಕರು ಎಂದು ಕಾಯ್ದೆ ಹೇಳುತ್ತದೆ. ಆದರೂ ರಸೀದಿಯ ಹಿಂದೆ ಒಂದು ಸಾಲು ಬರೆಸಿಕೊಳ್ಳುವುದು ಒಳ್ಳೆಯದು. ಯಾವ ಷರತ್ತೂ ಬೇಡ, ಪೂರ್ತಿ ಬಿಟ್ಟುಕೊಡುತ್ತೇನೆ ಎನ್ನುವವರಿಗೆ 21ನೇ ಕಲಂ ಇದೆ. ಸಾರ್ವಜನಿಕ ಪ್ರಕಟಣೆಯ ಮೂಲಕವೂ ಹಕ್ಕನ್ನು ತ್ಯಜಿಸಬಹುದು.

ಸಂಸ್ಥೆಗಳು ಮಾಡಬಹುದಾದದ್ದು ಇನ್ನೂ ದೊಡ್ಡದು. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಇರುವ ಜಾನಪದ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇವೆಲ್ಲ ಸಾರ್ವಜನಿಕ ಹಣದಿಂದ ನಡೆಯುವಂಥವು. ಇಂಥ ಕಡೆ ಮುದ್ರಿಸುವ ಹಂತಿ ಪದ, ಡೊಳ್ಳಿನ ಪದ, ಗೀಗೀ ಪದ, ಮೊಹರಂ ಪದಗಳನ್ನು ಸ್ಪಷ್ಟ ಪರವಾನಗಿಯೊಂದಿಗೆ ಮುಕ್ತವಾಗಿ ಹಂಚಿದರೆ ಯಾವ ಮಟ್ಟು ಪಾರಂಪರಿಕ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಗುತ್ತದೆ, ಯಂತ್ರದ ಸುಳ್ಳು ತಕರಾರಿಗೆ ಉತ್ತರವೂ ಸಿಗುತ್ತದೆ. ಇಲ್ಲೂ ಒಂದು ಹೊಣೆಯಿದೆ. ಬೀಸುವ ಪದ ಹಾಡಿದ ಅಜ್ಜಿ ಆ ಪದದ ಕರ್ತೃ ಅಲ್ಲದಿರಬಹುದು, ಆ ಗಾಯನದ ಪ್ರದರ್ಶಕಿ ಹೌದು. ತನ್ನ ಹಾಡನ್ನು ಮುದ್ರಿಸಲು ಒಪ್ಪುವ ಅಥವಾ ಒಪ್ಪದಿರುವ ಹಕ್ಕು, ಹಾಡಿದವಳು ತಾನು ಎಂದು ಹೆಸರು ಹೇಳಿಸಿಕೊಳ್ಳುವ ಹಕ್ಕು ಕಾಯ್ದೆಯ 38ಎ, 38ಬಿ ಕಲಂಗಳಲ್ಲಿ ಅವಳಿಗೆ ಇದೆ. ಊರೂರು ತಿರುಗಿ ಹಾಡು ಸಂಗ್ರಹಿಸುವವರಲ್ಲಿ ಅನೇಕರು ತಮ್ಮ ಹೆಸರನ್ನು ದೊಡ್ಡದಾಗಿ ಹಾಕಿಕೊಂಡು ಹಾಡಿದವರನ್ನು 'ಗ್ರಾಮೀಣ ಮಹಿಳೆ' ಎಂದು ಬರೆಯುತ್ತಾರೆ. ಇದು ಅಸೌಜನ್ಯ ಮಾತ್ರವಲ್ಲ, ಕಾನೂನಿಗೂ ವಿರುದ್ಧ. ಮುಕ್ತ ಪರವಾನಗಿಯ ಕಾಗದವನ್ನು ಮೊದಲು ಅವಳಿಗೆ ಕನ್ನಡದಲ್ಲಿ ಓದಿ ಹೇಳಬೇಕು, ಅವಳು ಒಪ್ಪಿದರೆ ಅವಳ ಹೆಸರಿನಲ್ಲೇ ಹಾಡು ಹೊರಬರಬೇಕು, ಅದರಿಂದ ಯಾರಾದರೂ ಹಣ ಗಳಿಸುವುದಾದರೆ ಅವಳ ಪಾಲು ಎಷ್ಟೆಂಬುದು ಅದೇ ಕಾಗದದಲ್ಲಿ ಇರಬೇಕು.